ಚಳ್ಳಕೆರೆಯ ಹೀರೋಗೆ ಗಾಥಮ್‌ನ ಮಳೆ ಬೇಕಾ?

ಪ್ರಶ್ನೆ: ನಾನು ಚಳ್ಳಕೆರೆ ಹತ್ತಿರದ ಹಳ್ಳಿಯವನು. ವಯಸ್ಸು 27. ಬೆಂಗಳೂರಿನಲ್ಲಿ ಎರಡು ಸಿನಿಮಾಗಳಿಗೆ ಸಹಾಯಕ ನಿರ್ದೇಶಕನಾಗಿ ಕೆಲಸ ಮಾಡಿದ್ದೇನೆ. ಈಗ ನನ್ನದೇ ಒಂದು ಸೂಪರ್‌ಹೀರೋ ಕಥೆ ಬರೆದಿದ್ದೇನೆ. ಬೋರ್‌ವೆಲ್ ಲಾರಿಯಲ್ಲಿ ದುಡಿಯುವ ಒಬ್ಬ ಹುಡುಗನಿಗೆ ನೆಲದೊಳಗಿನ ಸದ್ದು ಕೇಳಿಸುತ್ತದೆ. ನೀರು ಎಲ್ಲಿದೆ, ಎಷ್ಟು ಆಳದಲ್ಲಿದೆ ಎಲ್ಲ ಗೊತ್ತಾಗುತ್ತದೆ. ಮೊದಲ ಕರಡು ಲವಲವಿಕೆಯಿಂದ ಇತ್ತು. ಒಬ್ಬ ನಿರ್ಮಾಪಕರು ಓದಿ, 'ಐಡಿಯಾ ಚೆನ್ನಾಗಿದೆ, ಆದರೆ ಮಕ್ಕಳ ಪಿಚ್ಚರ್ ಥರ ಇದೆ. ಡಾರ್ಕ್ ಮಾಡಿ, ರಿಯಲಿಸ್ಟಿಕ್ ಮಾಡಿ, ನೋಲನ್ ಬ್ಯಾಟ್‌ಮ್ಯಾನ್ ಥರ' ಅಂದರು. ಮೂರು ತಿಂಗಳು ಕೂತು ತಿದ್ದಿದೆ. ಈಗ ಹೆಚ್ಚಿನ ದೃಶ್ಯಗಳೆಲ್ಲ ರಾತ್ರಿ, ಮಳೆ. ಹೀರೋ ಕಪ್ಪು ರೇನ್‌ಕೋಟ್ ಹಾಕಿಕೊಂಡು ಊರಿನ ನೀರಿನ ಟ್ಯಾಂಕ್ ಮೇಲೆ ನಿಲ್ಲುತ್ತಾನೆ. ಅವನ ಅಣ್ಣನನ್ನು ಸಾಯಿಸಿದ್ದೇನೆ. ನನ್ನ ತಂಗಿ ಓದಿ, 'ಅಣ್ಣಾ, ಇದು ನಮ್ಮೂರಿನ ಕಥೆ ಅನ್ನಿಸ್ತಿಲ್ಲ. ಇವನು ಒಂದು ಸಲನೂ ಯಾಕೆ ನಗಲ್ಲ?' ಅಂದಳು. ಅವತ್ತಿನಿಂದ ಪೆನ್ನು ಮುಂದೆ ಹೋಗುತ್ತಿಲ್ಲ. ಈ ರಿಯಲಿಸ್ಟಿಕ್ ರೀಬೂಟ್, ಅಂದರೆ ಹಳೆಯ ಹೀರೋನ ಕಥೆಯನ್ನು ನಿಜ ಅನ್ನಿಸುವ ಹಾಗೆ ಮೊದಲಿಂದ ಹೇಳುವುದು, ನಿಜವಾಗಿಯೂ ಸೂಪರ್‌ಹೀರೋ ಸಿನಿಮಾವನ್ನು ಬದಲಾಯಿಸಿತಾ, ಇಲ್ಲಾ ಅದೊಂದು ಫ್ಯಾಷನ್ನಾ? ನಾನು ಯಾವ ಕರಡು ಹಿಡಿಯಲಿ?

ಉತ್ತರ: ಪತ್ರದ ಜೊತೆ ನೀವು ಕಳಿಸಿದ ಎರಡೂ ಕರಡುಗಳನ್ನು ಓದಿದೆ. ಡಾರ್ಕ್ ಮಾಡದಿದ್ದರೆ ನಿರ್ಮಾಪಕರು ಕೈಬಿಡುತ್ತಾರೆ, ಮಾಡಿದರೆ ಕಥೆಯೇ ಕೈಬಿಟ್ಟು ಹೋಗುತ್ತದೆ ಅನ್ನುವ ಭಯ ನಿಮ್ಮದು. ನಾನು ಇಪ್ಪತ್ತು ವರ್ಷ ಎಡಿಟಿಂಗ್ ಮಾಡಿದವನು. ಈಚೆಗೆ ಬೇರೆಯವರ ಸ್ಕ್ರಿಪ್ಟ್ ಓದಿ ಸಲಹೆ ಕೊಡುವುದೇ ಕೆಲಸ. 'ನೋಲನ್ ಥರ ಮಾಡಿ' ಅನ್ನುವ ಮಾತು ಕೇಳಿಸಿಕೊಂಡು ನನ್ನ ಹತ್ತಿರ ಬಂದವರು ಸುಮಾರು ಜನ ಇದ್ದಾರೆ. ಆ ಮಾತು ಹೇಳಿದವರ ಕಣ್ಣಿಗೂ ಕೇಳಿದವರ ಕಣ್ಣಿಗೂ ಬರುವುದು ಕತ್ತಲು ಮಾತ್ರ. ತೊಂದರೆ ಶುರುವಾಗುವುದೇ ಅಲ್ಲಿ.

ನಿಮ್ಮ ನೇರ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಹೌದು, ಬದಲಾಯಿಸಿತು. ತುಂಬಾ ಆಳವಾಗಿಯೇ ಬದಲಾಯಿಸಿತು. ಆದರೆ ಆ ಕೆಲಸ ಮಾಡಿದ್ದು ಕತ್ತಲು ಅನ್ನುವುದು ತಪ್ಪು ತಿಳಿವಳಿಕೆ.

ಸ್ವಲ್ಪ ಹಿಂದಕ್ಕೆ ಹೋಗೋಣ. 1997ರಲ್ಲಿ 'ಬ್ಯಾಟ್‌ಮ್ಯಾನ್ ಅಂಡ್ ರಾಬಿನ್' ಬಂತು. ಹೀರೋನ ಬೂಟಿನಿಂದ ಐಸ್ ಸ್ಕೇಟಿಂಗ್ ಬ್ಲೇಡ್ ಹೊರಗೆ ಬರುತ್ತದೆ. ಅವನ ಹತ್ತಿರ ಬಾವಲಿ ಗುರುತಿನ ಕ್ರೆಡಿಟ್ ಕಾರ್ಡ್ ಇದೆ. ಆಟಿಕೆ ಮಾರುವ ಲೆಕ್ಕಾಚಾರ ಕಥೆಯ ಒಳಗೇ ಬಂದು ಕೂತಿತ್ತು. ಖರ್ಚು 12 ಕೋಟಿ ಡಾಲರ್‌ಗೂ ಜಾಸ್ತಿ. ಪ್ರಪಂಚದಾದ್ಯಂತ ಬಂದದ್ದು ಸುಮಾರು 24 ಕೋಟಿ. ಅದರಲ್ಲಿ ಥಿಯೇಟರ್‌ನವರ ಪಾಲು ಕಳೆಯಿರಿ, ಪ್ರಚಾರದ ಖರ್ಚು ಕಳೆಯಿರಿ, ಉಳಿಯುವುದು ಅಷ್ಟಕ್ಕಷ್ಟೇ. ಹಣಕ್ಕಿಂತ ದೊಡ್ಡ ಪೆಟ್ಟು ಮರ್ಯಾದೆಗೆ ಬಿತ್ತು. ಎಂಟು ವರ್ಷ ಬ್ಯಾಟ್‌ಮ್ಯಾನ್ ತೆರೆಯ ಮೇಲೆ ಕಾಣಲಿಲ್ಲ. ನಿರ್ದೇಶಕ ಜೋಯಲ್ ಶುಮಾಕರ್ ಆಮೇಲೆ ಅಭಿಮಾನಿಗಳ ಕ್ಷಮೆಯನ್ನೂ ಕೇಳಿದರು.

2005ರಲ್ಲಿ ಕ್ರಿಸ್ಟೋಫರ್ ನೋಲನ್ ಅವರ 'ಬ್ಯಾಟ್‌ಮ್ಯಾನ್ ಬಿಗಿನ್ಸ್' ಬಂತು. ಡೇವಿಡ್ ಗೋಯರ್ ಜೊತೆ ಸೇರಿ ಬರೆದದ್ದು. ಅದು ಹೊಸದಾಗಿ ತಂದದ್ದು ಕತ್ತಲು ಅಂತ ಜನ ನಂಬಿದ್ದಾರೆ. ಆದರೆ 1989ರ ಟಿಮ್ ಬರ್ಟನ್ ಅವರ ಬ್ಯಾಟ್‌ಮ್ಯಾನ್ ಆಗಲೇ ಕಡುಗಪ್ಪಾಗಿತ್ತು. ಇಂಗ್ಲೆಂಡಿನ ಪೈನ್‌ವುಡ್ ಸ್ಟುಡಿಯೋದಲ್ಲಿ ಕಟ್ಟಿದ, ಬ್ಯಾಟ್‌ಮ್ಯಾನ್‌ನ ಊರಾದ ಗಾಥಮ್ ನಗರ, ಹೊಗೆ, ಕಬ್ಬಿಣ, ಆಕಾಶವೇ ಕಾಣದ ಬೀದಿಗಳು. ಕಲಾ ನಿರ್ದೇಶನಕ್ಕೆ ಆಸ್ಕರ್ ಕೂಡ ಬಂತು. ಕಾಮಿಕ್ಸ್‌ನಲ್ಲಂತೂ 1986–87ರಲ್ಲೇ ಫ್ರಾಂಕ್ ಮಿಲ್ಲರ್ ಬ್ಯಾಟ್‌ಮ್ಯಾನ್‌ನನ್ನು ಕೊಳಕು ಬೀದಿಗೆ ಇಳಿಸಿ ಆಗಿತ್ತು. ಹಾಗಾದರೆ 2005ರಲ್ಲಿ ಹೊಸದು ಏನು?

ಒಂದು ಸಣ್ಣ ದೃಶ್ಯ ನೆನಪಿಸುತ್ತೇನೆ. ಬ್ಯಾಟ್‌ಮ್ಯಾನ್ ಆಗಲಿರುವ ಬ್ರೂಸ್ ವೇಯ್ನ್‌ಗೆ ಮುಖವಾಡ ಬೇಕು. ಒಂದೇ ಒಂದು ಮಾಡಿಸಿದರೆ ಯಾರಿಗೆ ಅಂತ ಗೊತ್ತಾಗಿಬಿಡುತ್ತದೆ. ಅದಕ್ಕೆ ಮನೆಯ ಹಿರಿಯ ಸೇವಕ ಆಲ್‌ಫ್ರೆಡ್ ಒಂದು ಉಪಾಯ ಹೇಳುತ್ತಾನೆ. ಬಿಡಿಭಾಗಗಳನ್ನು ದೂರದ ಊರುಗಳಿಂದ ಬೇರೆ ಬೇರೆಯಾಗಿ ತರಿಸೋಣ, ಅನುಮಾನ ಬರದಂತೆ ಹತ್ತು ಸಾವಿರ ಆರ್ಡರ್ ಕೊಡೋಣ ಅಂತ. ಮಾಲು ಬರುತ್ತದೆ. ಗಟ್ಟಿಯಿಲ್ಲ, ಒಂದೇಟಿಗೆ ಸೀಳುತ್ತದೆ. ಮುಂದಿನ ಹತ್ತು ಸಾವಿರ ಸರಿಯಾಗಿ ಬರುತ್ತವೆ, ಅಲ್ಲಿಯವರೆಗೆ ತಲೆ ಕೆಳಗಾಗಿ ಬೀಳದಂತೆ ನೋಡಿಕೊಳ್ಳಿ ಅನ್ನುತ್ತಾನೆ ಆಲ್‌ಫ್ರೆಡ್. ಥಿಯೇಟರ್‌ನಲ್ಲಿ ಜನ ನಗುತ್ತಾರೆ. ನಗುತ್ತಲೇ ನಂಬಿಬಿಡುತ್ತಾರೆ. ಖರೀದಿ, ಸಾಗಣೆ, ಕಳಪೆ ಮಾಲು ಇವೆಲ್ಲ ನಮಗೆ ಗೊತ್ತಿರುವ ಪ್ರಪಂಚ ಅಲ್ವಾ?

ಆ ಸಿನಿಮಾದ ಗುಟ್ಟು ಇಷ್ಟೇ. ಪ್ರತಿಯೊಂದಕ್ಕೂ 'ಹೇಗೆ' ಅನ್ನುವ ಪ್ರಶ್ನೆ ಕೇಳಿತು. ಸೂಟು ಎಲ್ಲಿಂದ ಬಂತು? ಸೈನಿಕರಿಗೆಂದು ಮಾಡಿಸಿ, ಖರ್ಚು ಜಾಸ್ತಿ ಅಂತ ಕಂಪನಿಯೇ ಮೂಲೆಗೆ ಎಸೆದಿದ್ದ ಕವಚ ಅದು. ಬಾವಲಿಯೇ ಯಾಕೆ? ಚಿಕ್ಕವನಿದ್ದಾಗ ಬಾವಿಗೆ ಬಿದ್ದ ಭಯ. ಕಾರನ್ನು ಕಂಪ್ಯೂಟರಿನಲ್ಲಿ ಬಿಡಿಸಿ ಕೈತೊಳೆದುಕೊಳ್ಳಲಿಲ್ಲ. ನೋಲನ್ ಮತ್ತು ಕಲಾ ನಿರ್ದೇಶಕ ನೇಥನ್ ಕ್ರೌಲಿ ಮಾದರಿ ಗಾಡಿಗಳ ತುಂಡು ಜೋಡಿಸಿ ಆಕಾರ ಹುಡುಕಿದರು. ಆಮೇಲೆ ನಿಜವಾಗಿ ಓಡುವ ಗಾಡಿಯನ್ನೇ ಕಟ್ಟಿಸಿ ಶಿಕಾಗೋದ ರಸ್ತೆಗೆ ಇಳಿಸಿದರು. ಹೀರೋ ಪೂರ್ತಿ ವೇಷದಲ್ಲಿ ಕಾಣಲು ಸುಮಾರು ಒಂದು ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತಿಗೆ ಒಬ್ಬ ಮನುಷ್ಯ ಬಾವಲಿ ವೇಷ ಹಾಕುವುದು ನಮಗೆ ಹುಚ್ಚು ಅನ್ನಿಸುವುದಿಲ್ಲ. ಅವನಿಗೆ ಬೇರೆ ದಾರಿಯೇ ಇರಲಿಲ್ಲ ಅನ್ನಿಸುತ್ತದೆ.

ಇನ್ನೊಂದು ಮಾತು ನಿಮಗೆ ಆಶ್ಚರ್ಯ ತರಬಹುದು. ಈ ಕೆಲಸಕ್ಕೆ ನೋಲನ್ ಮಾದರಿ ಎಂದು ಹೇಳಿಕೊಂಡದ್ದು 1978ರ 'ಸೂಪರ್‌ಮ್ಯಾನ್' ಚಿತ್ರವನ್ನು. ಬಿಸಿಲು, ಗೋಧಿ ಹೊಲ, ನಗುಮುಖದ ಹೀರೋ ಇರುವ ಸಿನಿಮಾ ಅದು. ಅದರಲ್ಲಿ ಅವರು ಹಿಡಿದದ್ದು ದೊಡ್ಡ ನಟರನ್ನು ಸಣ್ಣ ಪಾತ್ರಗಳಿಗೂ ತಂದು, ಒಂದು ವಿಚಿತ್ರ ಕಥೆಯನ್ನು ನಿಜವಾದ ಊರಿನ ನಡುವೆ ಇಡುವ ಕ್ರಮವನ್ನು. ರಿಯಲಿಸ್ಟಿಕ್ ಸಿನಿಮಾದ ಬೇರು ಒಂದು ಬೆಳಕಿನ ಸಿನಿಮಾದಲ್ಲಿ ಇದೆ. ನಿರ್ಮಾಪಕರ ಜೊತೆ ಕೂತಾಗ ಇದನ್ನು ಖಂಡಿತ ಹೇಳಿ.

ಆ ಮೊದಲ ಸಿನಿಮಾ ಸುಮಾರು 37 ಕೋಟಿ ಡಾಲರ್ ತಂದಿತು. ಚೆನ್ನಾಗಿಯೇ ಆಯಿತು, ಆದರೆ ಹಳೆಯದನ್ನೆಲ್ಲ ಬುಡಮೇಲು ಮಾಡಿದ್ದು 2008ರ 'ದ ಡಾರ್ಕ್ ನೈಟ್'. ಗಳಿಕೆ 100 ಕೋಟಿ ಡಾಲರ್ ದಾಟಿತು. ದೈತ್ಯ ತೆರೆಗೆಂದೇ ಇರುವ ಐಮ್ಯಾಕ್ಸ್ ಕ್ಯಾಮೆರಾವನ್ನು ದೊಡ್ಡ ಕಥಾಚಿತ್ರದ ಮುಖ್ಯ ದೃಶ್ಯಗಳಿಗೆ ಬಳಸಿದ್ದು ಅದೇ ಮೊದಲು. ಶಿಕಾಗೋದ ನಡುರಸ್ತೆಯಲ್ಲಿ ಹದಿನೆಂಟು ಚಕ್ರದ ಲಾರಿಯನ್ನು ನಿಜವಾಗಿಯೇ ಪಲ್ಟಿ ಹೊಡೆಸಿದರು. ಖಳನಾಯಕ ಜೋಕರ್ ಪಾತ್ರ ಮಾಡಿದ ಹೀತ್ ಲೆಡ್ಜರ್ ಬಿಡುಗಡೆಗೆ ಮೊದಲೇ ತೀರಿಕೊಂಡಿದ್ದರು. ಮರುವರ್ಷ ಅವರಿಗೆ ಆಸ್ಕರ್ ಬಂತು. ಅತ್ಯುತ್ತಮ ಚಿತ್ರದ ಪಟ್ಟಿಯಲ್ಲಿ ಮಾತ್ರ ಸಿನಿಮಾದ ಹೆಸರಿರಲಿಲ್ಲ. 2009ರಲ್ಲಿ ಅಕಾಡೆಮಿ ಆ ಪಟ್ಟಿಯನ್ನು ಐದರಿಂದ ಹತ್ತಕ್ಕೆ ಏರಿಸಿತು. ಈ ಸಿನಿಮಾ ಬಿಟ್ಟುಹೋದದ್ದೂ ಅದಕ್ಕೆ ಒಂದು ಕಾರಣ ಅಂತ ಬಹಳ ಜನ ಹೇಳುತ್ತಾರೆ.

ನನಗೆ ಇದರಲ್ಲಿ ಮುಖ್ಯ ಅನ್ನಿಸುವುದು ಬೇರೆಯದು. ಇಲ್ಲಿ 'ಹೇಗೆ' ಜೊತೆಗೆ 'ಇದಕ್ಕೆ ಬೆಲೆ ಏನು' ಅನ್ನುವ ಪ್ರಶ್ನೆಯೂ ಬಂತು. ಜೋಕರ್‌ನನ್ನು ಹುಡುಕಲು ಬ್ಯಾಟ್‌ಮ್ಯಾನ್ ಊರಿನ ಪ್ರತಿಯೊಬ್ಬರ ಫೋನನ್ನೂ ಕಿವಿಯಾಗಿ ಮಾಡಿಕೊಳ್ಳುತ್ತಾನೆ. ಅವನ ಸ್ವಂತ ಮನುಷ್ಯ ಲೂಶಿಯಸ್ ಫಾಕ್ಸ್, ಈ ಯಂತ್ರ ಇರುವವರೆಗೆ ನಾನು ಇಲ್ಲಿ ಇರುವುದಿಲ್ಲ ಅನ್ನುತ್ತಾನೆ. ಸರ್ಕಾರ ಜನರ ಫೋನ್ ಕದ್ದು ಕೇಳುವ ಬಗ್ಗೆ ಅಮೆರಿಕದಲ್ಲಿ ಆಗ ದೊಡ್ಡ ಚರ್ಚೆಯೇ ನಡೆಯುತ್ತಿತ್ತು. ನೋಡುಗರು ಪೇಪರಿನಲ್ಲಿ ಓದಿದ ಭಯ ತೆರೆಯ ಮೇಲೆ ಬಂತು. ರಿಯಲಿಸ್ಟಿಕ್ ಅನ್ನುವುದಕ್ಕೆ ನನ್ನ ಅರ್ಥ ಇದು: ಆ ಊರಿನ ಜನಕ್ಕೆ ಇರುವ ನಿಜವಾದ ಭಯವೇ ಕಥೆಯ ಒಳಗೂ ಇರಬೇಕು.

ಇನ್ನೆರಡು ತಪ್ಪು ತಿಳಿವಳಿಕೆಗಳನ್ನು ಬೇಗ ಮುಗಿಸುತ್ತೇನೆ. ರಿಯಲಿಸ್ಟಿಕ್ ಅಂದರೆ ರಕ್ತ ಅಂತ ಕೆಲವರು ಅಂದುಕೊಳ್ಳುತ್ತಾರೆ. 'ದ ಡಾರ್ಕ್ ನೈಟ್'ಗೆ ಸಿಕ್ಕಿದ್ದು ಪಿಜಿ-13 ಸರ್ಟಿಫಿಕೇಟ್, ಅಂದರೆ ದೊಡ್ಡವರ ಎಚ್ಚರಿಕೆಯ ಮೇಲೆ ಮಕ್ಕಳೂ ನೋಡಬಹುದು. ಇಡೀ ಸಿನಿಮಾದಲ್ಲಿ ರಕ್ತ ಕಾಣುವುದೇ ಕಡಿಮೆ. ರಿಯಲಿಸ್ಟಿಕ್ ಅಂದರೆ ನಗಬಾರದು ಅನ್ನುವುದು ಇನ್ನೊಂದು. ಅದೇ 2008ರ ಮೇ ತಿಂಗಳಲ್ಲಿ 'ಐರನ್ ಮ್ಯಾನ್' ಬಂದಿತ್ತು. ಅದೂ 'ಹೇಗೆ' ಅನ್ನುವ ಸಿನಿಮಾನೇ. ಹೀರೋ ಅಫ್ಘಾನಿಸ್ತಾನದ ಗುಹೆಯಲ್ಲಿ ಕೂತು ಕ್ಷಿಪಣಿಯ ತುಂಡುಗಳಿಂದ ಕವಚ ಬಡಿಯುತ್ತಾನೆ. ಮಾಡುತ್ತಾನೆ, ಕೆಡಿಸುತ್ತಾನೆ, ಗೋಡೆಗೆ ಗುದ್ದಿಕೊಳ್ಳುತ್ತಾನೆ. ಆದರೆ ಉದ್ದಕ್ಕೂ ಮಾತು, ನಗು. ಒಂದೇ ಬೇಸಿಗೆಯಲ್ಲಿ ಒಂದೇ ಪಾಠ ಎರಡು ಬಣ್ಣದಲ್ಲಿ ಬಂತು. 'ಐರನ್ ಮ್ಯಾನ್' ಮಾಡಿದ ಮಾರ್ವೆಲ್ ಕಂಪನಿಯ ಇಡೀ ಸಾಮ್ರಾಜ್ಯ ನಿಂತದ್ದು ನಗುವ ಬಣ್ಣದ ಮೇಲೆ.

ಹಾಗಾದರೆ ಎಲ್ಲರೂ ಕತ್ತಲನ್ನೇ ಯಾಕೆ ನಕಲು ಮಾಡಿದರು? ಅದು ಸುಲಭ, ಅದಕ್ಕೆ. ಬಣ್ಣ ಇಳಿಸುವುದು ಒಂದು ವಾರದ ಕೆಲಸ. 'ಹೇಗೆ' ಅಂತ ಯೋಚಿಸುವುದು ಒಂದು ವರ್ಷದ್ದು. ಇದರ ಜೊತೆಗೆ ವ್ಯಾಪಾರದ ಒತ್ತಡವೂ ಇತ್ತು. ಪಾತ್ರದ ಹಕ್ಕನ್ನು ಬಾಡಿಗೆಗೆ ಹಿಡಿದ ಸ್ಟುಡಿಯೋಗಳು ಹೇಳಿದ ಅವಧಿಯೊಳಗೆ ಸಿನಿಮಾ ಶುರು ಮಾಡದಿದ್ದರೆ ಹಕ್ಕು ಕೈತಪ್ಪುತ್ತಿತ್ತು. ಏನೋ ಹೊಸದು ಮಾಡಿದ ಹಾಗೆ ಕಾಣಬೇಕು, ಬೇಗ ಮಾಡಬೇಕು. ಕತ್ತಲು ಸಿದ್ಧವಾಗಿ ಸಿಕ್ಕಿತು.

2015ರ 'ಫೆಂಟಾಸ್ಟಿಕ್ ಫೋರ್' ನೋಡಿ. ರಬ್ಬರಿನ ಹಾಗೆ ಕೈಕಾಲು ಹಿಗ್ಗುವ ಮನುಷ್ಯನ ಕಥೆ. ಅದನ್ನು ಮಂಕು ಬೆಳಕಿನ ಪ್ರಯೋಗಾಲಯದಲ್ಲಿ ಕೂಡಿಹಾಕಿದರು. ಸುಮಾರು 12 ಕೋಟಿ ಡಾಲರ್ ಖರ್ಚು, 17 ಕೋಟಿ ಕೂಡ ಬರಲಿಲ್ಲ. ಅದೇ ಕುಟುಂಬವನ್ನು 2025ರಲ್ಲಿ ಅರವತ್ತರ ದಶಕದ ಬಣ್ಣಗಳ ನಡುವೆ ಮತ್ತೆ ತಂದರು. ಅದೇ ತಿಂಗಳು ಜೇಮ್ಸ್ ಗನ್ ಅವರ ಸೂಪರ್‌ಮ್ಯಾನ್ ಕೂಡ ಬಿಸಿಲಿಗೆ ವಾಪಸ್ ಬಂದ. ನಡುವೆ ಅದೇ ಸೂಪರ್‌ಮ್ಯಾನ್‌ನ 2013ರ 'ಮ್ಯಾನ್ ಆಫ್ ಸ್ಟೀಲ್' ಇದೆ. ಕೊನೆಯಲ್ಲಿ ಊರಿಗೆ ಊರೇ ಉರುಳುತ್ತದೆ, ಕಥೆ ಅದನ್ನು ನಿಂತು ನೋಡುವುದಿಲ್ಲ. ನೋಡುಗರು ಸಿಟ್ಟಾದರು. 2016ರ ಮುಂದಿನ ಸಿನಿಮಾ ಶುರುವಿನ ದೃಶ್ಯಗಳಲ್ಲೇ ಅದೇ ನಾಶವನ್ನು ಬೀದಿಯಲ್ಲಿ ನಿಂತ ಮನುಷ್ಯನ ಕಣ್ಣಿನಿಂದ ತೋರಿಸಿತು.

ಸರಿಯಾಗಿ ಕಲಿತವರೂ ಇದ್ದಾರೆ. 2017ರ 'ಲೋಗನ್' ನನ್ನ ಮನಸ್ಸಿಗೆ ತುಂಬಾ ಹತ್ತಿರ. ಗಾಯ ತಾನೇ ಮಾಯುವ ಶಕ್ತಿ ಇದ್ದವನು ಮುದುಕನಾಗಿದ್ದಾನೆ. ಬಾಡಿಗೆ ಕಾರು ಓಡಿಸುತ್ತಾನೆ. ಸಣ್ಣ ಅಕ್ಷರ ಓದಲು ಕನ್ನಡಕ ಬೇಕು. ಉರುಳಿಬಿದ್ದ ಒಂದು ದೊಡ್ಡ ನೀರಿನ ಟ್ಯಾಂಕಿನ ಒಳಗೆ ತನ್ನ ಗುರುವನ್ನು ಬಚ್ಚಿಟ್ಟು, ಹೊತ್ತು ಹೊತ್ತಿಗೆ ಮಾತ್ರೆ ಕೊಡುತ್ತಾನೆ. ಆ ಸಿನಿಮಾದ ಎಷ್ಟೋ ಭಾಗ ಸುಡುಬಿಸಿಲಲ್ಲಿ ನಡೆಯುತ್ತದೆ. ಆದರೂ ಎದೆ ಭಾರವಾಗುತ್ತದೆ. ನಿಮ್ಮ ಕಥೆಯಲ್ಲೂ ನೀರಿನ ಟ್ಯಾಂಕ್ ಇದೆ. ಅದರ ಮೇಲೆ ನಿಂತು ಭಂಗಿ ಕೊಡುವುದಕ್ಕೂ ಅದರೊಳಗೆ ಒಬ್ಬರನ್ನು ಸಾಕುವುದಕ್ಕೂ ಇರುವ ವ್ಯತ್ಯಾಸ ಒಮ್ಮೆ ಯೋಚಿಸಿ.

ಈಗ ನಿಮ್ಮ ಕರಡುಗಳಿಗೆ ಬರುತ್ತೇನೆ.

ಚಳ್ಳಕೆರೆ ರಾಜ್ಯದಲ್ಲೇ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದು. ನಿಮ್ಮ ಎರಡನೇ ಕರಡಿನಲ್ಲಿ ಹದಿನಾಲ್ಕು ದೃಶ್ಯಗಳಲ್ಲಿ ಮಳೆ ಇದೆ. ಅಷ್ಟು ಮಳೆ ಬಂದರೆ ನಿಮ್ಮೂರಲ್ಲಿ ಬೋರ್‌ವೆಲ್ ಲಾರಿಗೆ ಕೆಲಸವೇ ಇರುವುದಿಲ್ಲ. ತಂಗಿ ಹೇಳಿದ್ದು ಇದನ್ನೇ. ಆ ಮಳೆ ಬೇರೆ ಊರಿನದು. ಅಣ್ಣ ಒಂಬತ್ತನೇ ಪುಟದಲ್ಲಿ ಸಾಯುತ್ತಾನೆ. ಹದಿನೈದನೇ ಪುಟದ ಹೊತ್ತಿಗೆ ಅವನ ಹೆಸರು ಯಾರ ಬಾಯಲ್ಲೂ ಇಲ್ಲ, ತಾಯಿಯ ಬಾಯಲ್ಲಿ ಕೂಡ. ಸಾವು ಕಥೆಯ ದಾರಿ ತಿರುಗಿಸದಿದ್ದರೆ ಅದನ್ನು ತೆಗೆದುಬಿಡಿ. ಅದು ನಿಮ್ಮ ಹೀರೋಗೆ ಗಾಂಭೀರ್ಯ ತಂದಿಲ್ಲ.

ಈಗ ಮೊದಲ ಕರಡಿನ ಆರನೇ ಪುಟ ತೆಗೆಯಿರಿ. ಕಂಪ್ರೆಸರ್ ಕಿವಿ ಹರಿಯುವ ಹಾಗೆ ಅರಚುತ್ತಿದೆ. ಹುಡುಗ ಓಡಿ ಹೋಗಿ ಅದನ್ನು ನಿಲ್ಲಿಸುತ್ತಾನೆ. ಕೇಸಿಂಗ್ ಪೈಪಿಗೆ ಕಿವಿ ಇಟ್ಟು, 'ಗೌಡ್ರೇ, ಇಲ್ಲಿ ನೀರಿಲ್ಲ, ಮಿಷನ್ ನಿಲ್ಸಿ' ಅನ್ನುತ್ತಾನೆ. ರಿಗ್ ಮಾಲೀಕ ಕೆನ್ನೆಗೆ ಬಾರಿಸುತ್ತಾನೆ. ಯಾಕೆ? ದುಡ್ಡು ಅಡಿ ಲೆಕ್ಕ. ನೀರು ಬೀಳಲಿ ಬಿಡಲಿ, ಎಂಟುನೂರು ಅಡಿ ಕೊರೆದರೆ ಎಂಟುನೂರು ಅಡಿಯ ದುಡ್ಡು. ನಿಜ ಹೇಳುವ ಕಿವಿ ಅವನ ಹೊಟ್ಟೆಗೆ ಹೊಡೆತ. ಇದಕ್ಕಿಂತ ರಿಯಲಿಸ್ಟಿಕ್ ದೃಶ್ಯ ನಿಮ್ಮ ಎರಡನೇ ಕರಡಿನಲ್ಲಿ ಒಂದೂ ಇಲ್ಲ. ಅದನ್ನು ನೀವು ಮೂರು ತಿಂಗಳು ಕೂತು ತೆಗೆದುಹಾಕಿದ್ದೀರಿ. ಓದುವಾಗ ನನಗೆ ನಿಜಕ್ಕೂ ಸಂಕಟವಾಯಿತು.

ಆ ಪುಟದಿಂದ ಕಥೆಯನ್ನು ಎಷ್ಟು ದೂರ ಎಳೆಯಬಹುದು ನೋಡಿ. ಅವನ ಶಕ್ತಿ ಇರುವುದು ಕಿವಿಯಲ್ಲಿ. ಅವನ ಕೆಲಸವೋ ದಿನಾ ಆ ಕಿವಿಯನ್ನೇ ತಿನ್ನುತ್ತಿದೆ. ಅವನು ಒಬ್ಬರ ಹೊಲದಲ್ಲಿ ಆಳದ ನೀರು ತೋರಿಸಿದರೆ ಪಕ್ಕದ ಹೊಲದ ಹಳೆಯ ಬೋರು ಬತ್ತುತ್ತದೆ. ಒಳ್ಳೆಯದು ಮಾಡಿದಷ್ಟೂ ಒಬ್ಬರ ಮನೆ ಮುಳುಗುತ್ತದೆ. ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಪಾಯಿಂಟ್ ನೋಡುವ ಹಿರಿಯರು ಊರಲ್ಲಿ ಇದ್ದೇ ಇರುತ್ತಾರೆ. ಅವರ ಅನ್ನಕ್ಕೂ ಇವನಿಂದ ಕುತ್ತು. ಮುಚ್ಚದೆ ಬಿಟ್ಟ ಬೋರ್‌ವೆಲ್‌ಗಳ ಬಗ್ಗೆ ಸುಪ್ರೀಂ ಕೋರ್ಟ್ 2010ರಲ್ಲೇ ಸೂಚನೆ ಕೊಟ್ಟಿದೆ, ಆದರೂ ಮಕ್ಕಳು ಬೀಳುವ ಸುದ್ದಿ ನಿಂತಿಲ್ಲ. ನಿಮ್ಮ ಹುಡುಗನಿಗೆ ಒಂದು ರಾತ್ರಿ ನೆಲದೊಳಗಿಂದ ಉಸಿರು ಕೇಳಿಸಿದರೆ? ಖಳನಾಯಕನನ್ನು ಹೊರಗಿಂದ ತರುವ ಅಗತ್ಯವೇ ಇಲ್ಲ.

ವೇಷದ ವಿಷಯ. ರೇನ್‌ಕೋಟ್ ಬಿಡಿ. ಒಣ ಬಂಡೆ ಕೊರೆಯುವಾಗ ಬಿಳಿ ಪುಡಿ ಮುಗಿಲೆತ್ತರ ಎದ್ದು ಮೈಮೇಲೆ ಕೂರುತ್ತದೆ. ಬಾಯಿಗೆ ಟವೆಲ್ ಸುತ್ತಿಕೊಂಡು, ಕಣ್ಣು ಮಾತ್ರ ಕಾಣುವ ಹುಡುಗರನ್ನು ನೀವು ಚಿಕ್ಕಂದಿನಿಂದ ನೋಡಿದ್ದೀರಿ. ಅವನ ಮುಖವಾಡ ಅದೇ. 'ಹೇಗೆ' ಅನ್ನುವ ಪ್ರಶ್ನೆಗೆ ಉತ್ತರ ನಿಮ್ಮೂರಲ್ಲೇ ಬಿದ್ದಿದೆ.

ಮುಂದೆ ಯಾವ ದಾರಿ ಅಂತ ಕೇಳಿದ್ದೀರಿ. ಪೂರ್ತಿ ರಿಯಲಿಸ್ಟಿಕ್ ಮಾಡಬಹುದು. ಹುಡುಗನಿಗೆ ಮಾಯೆಯ ಶಕ್ತಿಯೇ ಇಲ್ಲ, ವರ್ಷಗಳ ಅನುಭವದಿಂದ ಸದ್ದು ತಿಳಿಯುತ್ತದೆ ಅಷ್ಟೇ. ಇದರ ಅಪಾಯ ಏನಂದರೆ, ಒಂದು 'ಹೇಗೆ'ಗೆ ಉತ್ತರ ಕೊಟ್ಟ ಕೂಡಲೇ ನೋಡುಗರು ಇನ್ನೂ ಹತ್ತು ಕೇಳುತ್ತಾರೆ. ನೋಲನ್ ಅವರನ್ನೂ ಬಿಡಲಿಲ್ಲ. 2012ರ ಮೂರನೇ ಸಿನಿಮಾದಲ್ಲಿ ದೂರದ ಸೆರೆಯಿಂದ ಪಾರಾದ ಹೀರೋ ಕೈಯಲ್ಲಿ ಕಾಸಿಲ್ಲದೆ ಗಾಥಮ್‌ಗೆ ಹೇಗೆ ಬಂದ ಅಂತ ಜನ ಇವತ್ತಿಗೂ ಕೇಳುತ್ತಾರೆ. ಜೊತೆಗೆ ನಿಮ್ಮ ಕಥೆಯ ಬೆರಗು ಕೈತಪ್ಪುತ್ತದೆ.

ಮೊದಲ ಕರಡನ್ನು ಹಾಗೇ ಇಟ್ಟುಕೊಳ್ಳಬಹುದು. ಈ ನಿರ್ಮಾಪಕರು ಬಹುಶಃ ಹೋಗುತ್ತಾರೆ. ಆದರೆ ಕಾಲ ನಿಮ್ಮ ಕಡೆಗಿದೆ. 2021ರ ಮಲಯಾಳಂ 'ಮಿನ್ನಲ್ ಮುರಳಿ'ಯ ಹೀರೋ ಊರಿನ ದರ್ಜಿ ಹುಡುಗ. ಬಣ್ಣ ಇದೆ, ನಗು ಇದೆ. ನೋವು ಹುಟ್ಟುವುದು ಊರೇ ದೂರ ಇಟ್ಟ ಒಬ್ಬ ಮನುಷ್ಯನಿಂದ. 2025ರ 'ಲೋಕಾ' ಹಳೆಯ ಯಕ್ಷಿ ಕಥೆಯನ್ನು ಬೆಂಗಳೂರಿಗೇ ತಂದು ನಿಲ್ಲಿಸಿತು. ಆದರೂ ನಿಮ್ಮ ಮೊದಲ ಕರಡಿನ ಕೊನೆಯ ಭಾಗ ತೀರಾ ಸಲೀಸು. ಹುಡುಗ ಏನೂ ಕಳೆದುಕೊಳ್ಳುವುದಿಲ್ಲ. ನಿರ್ಮಾಪಕರಿಗೆ ಮಕ್ಕಳ ಪಿಚ್ಚರ್ ಅನ್ನಿಸಿದ್ದು ಅದಕ್ಕೇ ಇರಬೇಕು. ಅವರ ಅನಿಸಿಕೆ ಸರಿ ಇತ್ತು, ಹೇಳಿದ ಮದ್ದು ತಪ್ಪು.

ನಾನಾಗಿದ್ದರೆ ಹಿಡಿಯುವ ದಾರಿ ಹೀಗೆ: ಅಸಾಧ್ಯವಾದದ್ದು ಒಂದೇ ಒಂದು, ಅದು ಆ ಕಿವಿ. ಉಳಿದದ್ದೆಲ್ಲ ನಿಜ. ಅಡಿ ಲೆಕ್ಕದ ದುಡ್ಡು ನಿಜ, ಸಾಲ ನಿಜ, ಬಿಸಿಲು ನಿಜ, ನಗುವೂ ನಿಜ. ಇದಕ್ಕೂ ಅಪಾಯ ಇದೆ. ಕಿವಿಗೆ ಏನು ಕೇಳುತ್ತದೆ, ಏನು ಕೇಳುವುದಿಲ್ಲ ಅನ್ನುವ ನಿಯಮ ಒಂದೇ ಒಂದು ಕಡೆ ಸಡಿಲವಾದರೂ ಎಲ್ಲ ಕುಸಿಯುತ್ತದೆ. ಸೌಂಡ್ ಡಿಸೈನ್‌ಗೆ ಒಳ್ಳೆಯ ಕೈ ಬೇಕು, ಅದಕ್ಕೆ ದುಡ್ಡು ಮೊದಲೇ ಎತ್ತಿಡಬೇಕು. ಮಳೆಗೆ ಬಾಡಿಗೆ ಟ್ಯಾಂಕರ್ ತರಿಸುವ ದುಡ್ಡು ಉಳಿಯುತ್ತದೆ, ಅದನ್ನು ಇಲ್ಲಿ ಹಾಕಿ.

ಕತ್ತಲಿನ ಬಗ್ಗೆ ಒಂದು ಕಸುಬಿನ ಮಾತು. ಕೆಲವು ವರ್ಷದ ಹಿಂದೆ ನಾನು ಎಡಿಟ್ ಮಾಡಿದ ಒಂದು ಸಿನಿಮಾದ ಡಿಐ ಕೋಣೆಯಲ್ಲಿ, ಅಂದರೆ ಕೊನೆಯ ಹಂತದಲ್ಲಿ ಬಣ್ಣ ತಿದ್ದುವ ಕೋಣೆಯಲ್ಲಿ, ಕೂತಿದ್ದೆ. ಇನ್ನೂ ಇಳಿಸಿ, ಇನ್ನೂ ಇಳಿಸಿ ಅಂತ ನಿರ್ದೇಶಕರು ಬಣ್ಣ ಇಳಿಸಿಸುತ್ತಾ ಹೋದರು. ಆ ದುಬಾರಿ ಮಾನಿಟರ್‌ನಲ್ಲಿ ಅದ್ಭುತವಾಗಿ ಕಾಣುತ್ತಿತ್ತು. ಬಿಡುಗಡೆಯಾದ ದಿನ ಒಂದು ತಾಲ್ಲೂಕು ಕೇಂದ್ರದ ಥಿಯೇಟರ್‌ಗೆ ಹೋದೆ. ಪ್ರೊಜೆಕ್ಟರ್‌ನ ಲ್ಯಾಂಪ್ ಹಳೆಯದು. ತೆರೆಯ ಮೇಲೆ ಬರೀ ಕಪ್ಪು, ಅದರೊಳಗೆ ಯಾರೋ ಮಾತಾಡುತ್ತಿದ್ದಾರೆ. ನನ್ನ ಪಕ್ಕ ಕೂತಿದ್ದ ಅಜ್ಜಿ ಮೊಮ್ಮಗನನ್ನು, 'ಈಗ ಯಾರು ಸತ್ತಿದ್ದು?' ಅಂತ ಕೇಳಿದರು. ಆ ಹುಡುಗನಿಗೂ ಗೊತ್ತಾಗಿರಲಿಲ್ಲ. ನಿಮ್ಮ ಸಿನಿಮಾ ನೋಡಬೇಕಾದವರು ಅಂಥ ಥಿಯೇಟರ್‌ಗಳಲ್ಲೇ ಇದ್ದಾರೆ.

ನೋಲನ್ ಅವರ ಮೂರು ಸಿನಿಮಾಗಳಲ್ಲಿ ಎದೆ ಉಬ್ಬುವ ಗಳಿಗೆ ಯಾವುದು ಅಂತ ಕೇಳಿದರೆ ನಾನು ಹೇಳುವುದು ಮೂರನೆಯದರ ಬಾವಿಯಂಥ ಸೆರೆಮನೆಯ ದೃಶ್ಯ. ಹೀರೋ ಹಗ್ಗ ಬಿಟ್ಟು ಹತ್ತುತ್ತಾನೆ, ಹೊರಗೆ ಬರುತ್ತಾನೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಹಿಂದೆ ಒಂದು ಕೋಟೆ. ಅದು ಜೋಧಪುರದ ಮೆಹ್ರಾನ್‌ಗಢ. 2011ರಲ್ಲಿ ಅಲ್ಲಿಗೇ ಬಂದು ಚಿತ್ರೀಕರಿಸಿದ್ದು. ನಿರ್ಮಾಪಕರು ಮತ್ತೆ 'ನೋಲನ್ ಥರ' ಅಂದರೆ ಫೋನ್‌ನಲ್ಲಿ ಈ ದೃಶ್ಯ ತೋರಿಸಿ. ಆಮೇಲೆ, 'ಸರ್, ನಿಮಗೆ ಮಕ್ಕಳ ಪಿಚ್ಚರ್ ಅನ್ನಿಸಿದ್ದು ಯಾವ ಪುಟ?' ಅಂತ ಕೇಳಿ. ಅವರು ತೋರಿಸುವ ಪುಟಗಳನ್ನು ಮಾತ್ರ ತಿದ್ದಿ.

ಮುಂದಿನ ಕರಡು ಪೂರ್ತಿ ಬೇಡ, ಮೊದಲ ಹನ್ನೆರಡು ಪುಟ ಕಳಿಸಿ. ಆ ಕೆನ್ನೆಯ ಏಟು ಅದರಲ್ಲಿ ಇರಲಿ. ಏಟು ಬಿದ್ದ ಮೇಲೆ ಹುಡುಗನ ಒಂದು ಕಿವಿಗೆ ಅರೆಗಳಿಗೆ ಏನೂ ಕೇಳಿಸದೆ ಹೋದರೆ ಹೇಗೆ ಅಂತ ಬರೆದು ನೋಡಿ. ಕಳಿಸುವ ಮೊದಲು ತಂಗಿಗೆ ಓದಲು ಕೊಡಿ, ಅವಳು ಎಲ್ಲಿ ನಕ್ಕಳು ಅಂತ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಗುರುತು ಹಾಕಿ ಕಳಿಸಿ.